ಮಲಗಿದ್ದ ಎರಡನೇ ಕಾವಲುಗಾರ

ಒಬ್ಬ ಅರಸನ ಕೋಟೆ ಬಾಗಿಲಿಗೆ ಅಣ್ಣತಮ್ಮಂದಿರಿಬ್ಬರ ಕಾವಲಿತ್ತಂತೆ. ಅಣ್ಣ ಬಿದ್ದ ಗಳಿಗೆಯಲ್ಲೇ ತಮ್ಮ ಎದ್ದು ನಿಲ್ಲಬೇಕು, ರೆಪ್ಪೆ ಬಡಿಯುವಷ್ಟು ಹೊತ್ತೂ ಬಾಗಿಲು ಬರಿದಾಗಬಾರದು. ಅಜ್ಜಿ ಮುನಿಗಂಗಮ್ಮ ಹೇಳುತ್ತಿದ್ದ ಈ ಕತೆ, ಚಿಕ್ಕಬಳ್ಳಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಗಂಗುಲಮ್ಮನನ್ನು ಬಿಟ್ಟಿರಲಿಲ್ಲ. ಶಿಡ್ಲಘಟ್ಟದ ಮಾತುಗಳೆಲ್ಲ ಕೂದಲೆಳೆಯಂಥ ಗಾಜಿನ ತಂತಿಯೊಳಗೆ ಬೆಳಕಾಗಿ ಹರಿಯುತ್ತಿದ್ದವು. ಆ ತುದಿಯಲ್ಲಿ ಎರಡು ಯಂತ್ರ. ಒಂದು ದುಡಿಯುವುದು, ಇನ್ನೊಂದು ಸ್ಟ್ಯಾಂಡ್‌ಬೈ. ಮೊದಲನೆಯದು ಕೆಟ್ಟರೆ ಇಲ್ಲಿ ಕೂತೇ ತಂತಿಯನ್ನು ಎರಡನೆಯದಕ್ಕೆ ದಾಟಿಸಬಹುದು. ಅವಳ ಪಾಲಿಗೆ ಅವು ಅಣ್ಣ, ತಮ್ಮ.

ದಸರೆ ಮುಗಿದ ವಾರ ಅಣ್ಣ ಬಿದ್ದ. ಇಳಿಹೊತ್ತಿನ ಬಸ್ಸಿಗೆ ಗೆಳತಿ ಅಜೀಜಾಳ ತಂಗಿ ಜಾಹಿದಾ ಶಿಡ್ಲಘಟ್ಟದಿಂದ ಬಂದಳು.

“ಅಕ್ಕಂಗೆ ಬೆಳಿಗ್ಗೆ ಗಂಡುಮಗು ಆಯ್ತು. ಭಾವ ಸೌದಿಯ ದಮ್ಮಾಮಿಂದ ದಿನಾ ಸಂಜೆ ಫೋನ್ ಮಾಡ್ತಾರೆ. ಮಗು ಕಿವಿಗೆ ಮೊದಲ್ನೇ ಅಜಾನ್ ತಾನೇ ಹೇಳ್ಬೇಕು ಅಂತ ಅವರ ಆಸೆ. ಫೋನ್ ನೋಡಿದ್ರೆ ಸತ್ತು ಕೂತಿದೆ. ನಮ್ಮ ಅಬ್ಬಾ ಹೊತ್ತು ಮುಳುಗೋವರ್ಗೂ ಕಾಯ್ತಾರಂತೆ, ಆಮೇಲೆ ಅವರೇ ಹೇಳಿಬಿಡ್ತಾರಂತೆ.”

“ಅಷ್ಟರೊಳಗೆ ಲೈನ್ ಕೊಡ್ತೀನಿ, ಕೂತ್ಕೊಳೇ” ಎಂದು ಗಂಗುಲಮ್ಮ ಮಾತು ಕೊಟ್ಟಳು.

ಆಜ್ಞೆ ಟೈಪು ಮಾಡಿದಳು. ಆಗದು ಎಂದಿತು ಪರದೆ. ಇನ್ನೊಮ್ಮೆ ಮಾಡಿದರೂ ಅದೇ ಉತ್ತರ.

ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ ಅಬ್ದುಲ್ ಸತ್ತಾರ್ ಬಗ್ಗಿ ನೋಡಿದರು. “ನಿನ್ನ ತಮ್ಮನಿಗೆ ಯಾರೋ ಬೀಗ ಜಡಿದವ್ರೆ ಕಣಮ್ಮ. ಹೆಂಗೆ ಎದ್ದಾನು?”

ಗಂಗುಲಮ್ಮನ ಬೆರಳು ಕೀಲಿಮಣೆಯ ಮೇಲೇ ನಿಂತಿತು. ಆಯುಧಪೂಜೆಯ ದಿನ ದುಡಿಯುವ ವಸ್ತುವಿಗೆ ಬಿಡುವು ಕೊಡಬೇಕೆಂಬುದು ಅಜ್ಜಿಯ ಕಟ್ಟಳೆ. ಅಣ್ಣನನ್ನು ನಿಲ್ಲಿಸುವಂತಿರಲಿಲ್ಲ. ಇಲ್ಲಿಂದಲೇ ಆಜ್ಞೆ ಟೈಪು ಮಾಡಿ ತಮ್ಮನಿಗೆ ಬೀಗ ಹಾಕಿ, ಕಡಲೆಪುರಿ ಹಂಚುವ ಗಲಾಟೆಯಲ್ಲಿ ತೆಗೆಯುವುದನ್ನು ಮರೆತಿದ್ದಳು.

“ನಾನೇ ಸಾರ್. ಪೂಜೆ ದಿನ ಅವನಿಗಾದ್ರೂ ರಜ ಇರ್ಲಿ ಅಂತ.”

“ನಂಗೆ ಕೇಳಿದ್ರೂ ಸಿಗದ ರಜ. ಪುಣ್ಯವಂತ.”

ಅವಳಿಗೆ ನಗು ಬರಲಿಲ್ಲ. ಅಕ್ಕರೆಯಿಂದಲೂ ಬಾಗಿಲು ಮುಚ್ಚಿಬಿಡಬಹುದೆಂದು ಅಜ್ಜಿಯ ಕತೆ ಹೇಳಿರಲಿಲ್ಲ. ಕಿಟಕಿಯಾಚೆ ನಂದಿಬೆಟ್ಟದ ನೆತ್ತಿಯಲ್ಲಷ್ಟೇ ಬಿಸಿಲು ಉಳಿದಿತ್ತು. ಬೀಗ ತೆಗೆದಳು. ತಮ್ಮನಿಗೆ ಬೆಳಕು ಮುಟ್ಟುತ್ತಿದೆಯೇ ಎಂದು ನೋಡಿಕೊಂಡು, ತಂತಿಯನ್ನು ಅವನಿಗೆ ದಾಟಿಸಿದಳು. ಹಸಿರು ದೀಪ ಹತ್ತಿತು.

ಜಾಹಿದಾ ಮನೆಗೆ ಫೋನು ಮಾಡಿದಳು. ಆ ಕಡೆಯಿಂದ ಅಜೀಜಾ ಗದರಿದ್ದು ಎಲ್ಲರಿಗೂ ಕೇಳಿಸಿತು. “ಲೈನ್ ಬಂತಲ್ಲ, ಇನ್ನು ಫೋನ್ ಇಡೇ! ಅವರು ಮಾಡೋ ಹೊತ್ತು.”

ಜಾಹಿದಾ ಫೋನಿಟ್ಟಳು. ಬೆಟ್ಟದ ಬಿಸಿಲು ಇನ್ನೇನು ಆರಬೇಕು, ತಡೆಯಲಾರದೆ ಮತ್ತೆ ನಂಬರು ಒತ್ತಿ ಕಿವಿಗೊಟ್ಟಳು. ರಿಸೀವರನ್ನು ಮೆಲ್ಲಗೆ ಗಂಗುಲಮ್ಮನ ಕಿವಿಗೆ ಹಿಡಿದಳು.

“ಎಂಗೇಜ್ ಬರ್ತಿದೆ ಅಕ್ಕ. ಭಾವ ಹೇಳ್ತಾ ಇದ್ದಾರೆ.”