ಹಲ್ಲಿನ ಗುರುತು

ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ಶಿವಕಾಂತಾಳ ದ್ವೇಷಕ್ಕೆ ಹದಿನೇಳು ತುಂಬಿತ್ತು, ಅದಕ್ಕಿನ್ನೂ ಮುಪ್ಪು ಬಂದಿರಲಿಲ್ಲ. ಪುಣೆಯ ಸದಾಶಿವ ಪೇಠದಲ್ಲಿ ಹಲ್ಲಿನ ಎಕ್ಸ್‌ರೇ ತೆಗೆಯುವ ಸೆಂಟರೊಂದರಲ್ಲಿ ಅವಳು ಟೆಕ್ನಿಷಿಯನ್. ಅಂದು ಬೆಳಿಗ್ಗೆ ಕೈಗೆ ಬಂದ ಫಾರ್ಮಿನಲ್ಲಿ ‘ಪ್ರೇಮಕುಮಾರ ಮನೋಹರ ಗಲಗಲಿ’ ಎಂದಿತ್ತು. ಪುಣೆಯ ಫಾರ್ಮುಗಳಲ್ಲಿ ಮಗನ ಹೆಸರಿನ ಪಕ್ಕದಲ್ಲೇ ಅಪ್ಪನ ಹೆಸರು ಕೂತಿರುತ್ತದೆ. ತಲೆ ಎತ್ತಿದರೆ ಅಪ್ಪನೂ ಎದುರಿಗೇ ಕೂತಿದ್ದ. ಕೂದಲು ನೆರೆತಿತ್ತು, ಹೊಟ್ಟೆ ಬಂದಿತ್ತು, ಕಾಲ ಮೇಲೆ ಕಾಲು ಹಾಕಿ ಕೂರುವ ಗತ್ತು ಮಾತ್ರ ಹಳೆಯದೇ.

ಈ ಮನೋಹರ ಹಿಂದೆ ಯಾದಗಿರಿ ಕಡೆಯಿಂದ ಹಿಂಜವಾಡಿಯ ಕಟ್ಟಡಗಳಿಗೆ ಕೂಲಿಯಾಳು ತರುತ್ತಿದ್ದ ಮುಕಾದಮ. ಶಿವಕಾಂತಾಳ ಅಪ್ಪ ಲಾಲಪ್ಪ ಅವನ ಕೈಕೆಳಗೆ ಗೌಂಡಿಯಾಗಿದ್ದ. ಹದಿನೇಳು ವರ್ಷದ ಹಿಂದೆ ಕಟ್ಟಡವೊಂದರ ಸ್ಲ್ಯಾಬು ಕುಸಿದ ದಿನ ಮೂರು ಹೆಣ ಸಿಕ್ಕವು. ಇಬ್ಬರ ಗುರುತು ಹತ್ತಿತು, ಮೂರನೆಯವನಿಗೆ ಮುಖವೇ ಉಳಿದಿರಲಿಲ್ಲ. ಅವ್ವ ಸಾಬವ್ವ ಬಾಯಿ ನೋಡಿ ಇವನೇ ನನ್ನ ಗಂಡ ಅಂದಳು. ಜೇಜುರಿಯ ಖಂಡೋಬನ ಮುಂದೆ ಸರಪಳಿ ಎಳೆದು ಹರಿಯುವ ಹರಕೆ ತೀರಿಸುವಾಗ ಕೊಂಡಿ ಸಿಡಿದು ಲಾಲಪ್ಪನ ಮುಂದಿನ ಹಲ್ಲು ಓರೆಯಾಗಿ ಮುರಿದಿತ್ತು. ಹತ್ತು ವರ್ಷ ಆ ಮುರುಕು ಹಲ್ಲಿನ ನಗು ನೋಡಿದವಳಿಗೆ ತಪ್ಪೀತೇ?

ಆದರೆ ಆ ಹೆಣ ತನ್ನ ಆಳಿನದಲ್ಲ ಎಂದಾಗಿ ಲೆಕ್ಕದಲ್ಲಿ ಒಂದು ಸಾವು ಕಡಿಮೆಯಾದರೆ ಮನೋಹರನ ಮೇಲಿನ ಕೇಸು ಅಷ್ಟು ಹಗುರವಾಗುತ್ತಿತ್ತು. ಲಾಲಪ್ಪ ತನ್ನ ಕೆಲಸಕ್ಕೆ ಬಂದೇ ಇಲ್ಲ, ಯಾವಳನ್ನೋ ಕಟ್ಟಿಕೊಂಡು ಓಡಿಹೋಗಿದ್ದಾನೆ ಎಂದು ಅವನು ಪೊಲೀಸರಿಗೆ ಹೇಳಿದ. ಸುತ್ತ ನಿಂತಿದ್ದ ಊರಿನವರ ಕಡೆ ತಿರುಗಿ, “ಹಲ್ಲ ನೋಡಿ ಗಂಡನ್ನ ಗುರ್ತ ಹಿಡಿತಾಳಂತ, ಸುಳ್ಳಾಕಿ,” ಎಂದು ನಕ್ಕ. ಹೆಣ ಬೇವಾರಸಿಯಾಯಿತು. ಸತ್ತವರನ್ನು ಹೂಳುವ ಮನೆತನದವನನ್ನು ಯಾರೋ ಸುಟ್ಟರು.

ಸಾಬವ್ವನ ಕೊರಳಲ್ಲಿ ಇವತ್ತಿಗೂ ತಾಳಿ ಇದೆ. ತೆಗೆಯೋಣವೆಂದರೆ ಗಂಡ ಸತ್ತನೆಂದು ಯಾರೂ ಒಪ್ಪಿಲ್ಲ. ಇಟ್ಟುಕೊಂಡರೆ ಗಂಡ ಬಿಟ್ಟುಹೋದವಳು ಅನ್ನುವ ಮಾತು ತಪ್ಪಿಲ್ಲ. ಶಿವಕಾಂತಾಳಿಗೆ ಬೇಕಾದದ್ದು ಒಂದೇ. ಅಪ್ಪ ಸತ್ತದ್ದು ನಿಜ ಎಂದು ಈ ಮನುಷ್ಯನ ಬಾಯಿಂದಲೇ ಬರಬೇಕು.

ಪ್ರೇಮಕುಮಾರ ಪೈಲಟ್ ಕೆಲಸಕ್ಕೆ ಅರ್ಜಿ ಹಾಕುವವನಿದ್ದ. ವಿಮಾನ ಕಂಪನಿಯವರು ಇಡೀ ದವಡೆಯ ಎಕ್ಸ್‌ರೇ ಕೇಳಿದ್ದರು, ಕೊಡಲು ಅಂದೇ ಕೊನೆಯ ದಿನ. ಯಂತ್ರ ಅವನ ತಲೆಯ ಸುತ್ತ ಒಂದು ಸುತ್ತು ಹಾಕಿ ನಿಂತಿತು. ಕಂಪ್ಯೂಟರಿನಲ್ಲಿ ಹೆಸರು ಹೊಡೆಯುವ ಜಾಗಕ್ಕೆ ಬಂದಾಗ ಶಿವಕಾಂತಾಳ ಬೆರಳು ತಡೆಯಲಿಲ್ಲ. ಕೆಲಸ ಹೋದರೂ ಹೋಗಲಿ ಎಂದುಕೊಂಡೇ ಅವಳು ಬೇರೆ ಹೆಸರು ಹೊಡೆದಳು.

ಫಿಲ್ಮು ಹೊರಬರುವಷ್ಟರಲ್ಲಿ ಮನೋಹರ, ಇವಳು ಕನ್ನಡದವಳೆಂದು ಕೋಟಿನ ಮೇಲಿದ್ದ ಹೆಸರಿನಿಂದಲೇ ಊಹಿಸಿ, ಮಾತಿಗೆಳೆದ.

“ವಿಮಾನ ಹಲ್ಲಿಲೆ ಹಾರಸ್ತಾರೇನವಾ? ಅವರಿಗ್ಯಾಕ ಬೇಕು ಇದು?”

ಶಿವಕಾಂತಾ ನಿಧಾನಕ್ಕೆ ತಿಳಿಸಿ ಹೇಳಿದಳು. ಬೇರಿನಲ್ಲಿ ಕೀವಿದ್ದರೆ, ತುಂಬಿಸಿದ ಹಲ್ಲಿನ ಕೆಳಗೆ ಗಾಳಿ ನಿಂತಿದ್ದರೆ, ಎತ್ತರಕ್ಕೆ ಹೋದಾಗ ಅದು ಹಿಗ್ಗಿ ಜೀವ ಹೋಗುವಂಥ ನೋವು ಬರುತ್ತದೆ. ವಿಮಾನ ನಡೆಸುವವನಿಗೆ ಹಾಗಾಗಬಾರದು. ಮನೋಹರ ತಲೆದೂಗಿದ.

“ಇನ್ನೊಂದ ಕಾರಣ ಅದ್ರಿ,” ಅಂದಳು. “ವಿಮಾನ ಬಿದ್ದು ಉರಿದ್ರ ಮುಖ ಉಳಿಯೂದಿಲ್ಲ. ಹಲ್ಲ ಉಳೀತಾವ. ಯಾರ ಮಗ ಅನ್ನೂದನ್ನ ಹಲ್ಲ ನೋಡೇ ಹೇಳ್ತಾರ.”

ಮನೋಹರನ ಮೇಲಿದ್ದ ಕಾಲು ಕೆಳಗಿಳಿಯಿತು. ಅವಳು ಫಿಲ್ಮನ್ನು ಅವನ ಕೈಗೇ ಕೊಟ್ಟಳು. ಬೆಳಕಿಗೆ ಹಿಡಿದು ನೋಡಿದರೆ ಮೂಲೆಯಲ್ಲಿದ್ದ ಹೆಸರು ಲಾಲಪ್ಪ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇದು ಯಾರ ಹೆಸರು ಎಂದು ಮನೋಹರ ಕೇಳಲೇ ಇಲ್ಲ, ಮೊದಲು ಮಗನ ಮುಖ ನೋಡಿದ. ಆಮೇಲೆ ದನಿ ಏರಿಸಿ, ಹೆಸರು ತಪ್ಪಾಗಿದೆ, ತಿದ್ದು ಎಂದ. ಫಿಲ್ಮಿನ ಮೇಲೆ ಯಾರ ಹೆಸರೋ ಹಲ್ಲು ಅವರದೇ, ನಿಮ್ಮ ಮಗನದು ಅನ್ನುವುದಕ್ಕೆ ಏನು ಗುರುತು ಎಂದು ಅವಳು ಕೇಳಿದಳು.

“ಇಲ್ಲಿ ನೋಡ, ಹಲ್ಲಿನ ಮ್ಯಾಲ ಹಲ್ಲ ಏರೇದ. ಸಣ್ಣಾಂವಿದ್ದಾಗಿಂದ ನೋಡೇನಿ. ಹಡದಾಂವಗ ಗುರ್ತ ಸಿಗೂದಿಲ್ಲೇನು?”

“ನಮ್ಮವ್ವನೂ ಹಿಂಗ ಅಂದಿದ್ಲ್ರಿ. ನೀವು ನಕ್ಕಿದ್ರಿ. ನಾ ಲಾಲಪ್ಪನ ಮಗಳು.”

ಪ್ರೇಮಕುಮಾರ ಇಬ್ಬರನ್ನೂ ನೋಡಿ, ಲಾಲಪ್ಪ ಯಾರು ಎಂದು ಅಪ್ಪನನ್ನು ಕೇಳಿದ. ಮನೋಹರ ಫಿಲ್ಮನ್ನು ತೊಡೆಯ ಮೇಲೆ ಮಗುಚಿಟ್ಟ. ಮಗ ಮತ್ತೊಮ್ಮೆ ಕೇಳಿದ. ಶಿವಕಾಂತಾ ಅಷ್ಟರಲ್ಲಿ ಮನೆಗೆ ಫೋನು ಹಚ್ಚಿ, ಸ್ಪೀಕರು ಹಾಕಿ, ಮನೋಹರನ ಬಾಯಿಯ ಹತ್ತಿರ ಹಿಡಿದಿದ್ದಳು. ಅವ್ವನಿಗೆ ನಿಜ ಹೇಳಿದ ಮೇಲೆಯೇ ಹೆಸರು ತಿದ್ದುವುದು ಎಂದಳು. ಅವನ ಹಣೆಯಲ್ಲಿ ಬೆವರು ಕಂಡು ಅವಳಿಗೆ ಸಂತೋಷವಾಯಿತು. ಹದಿನೇಳು ವರ್ಷದಲ್ಲಿ ಅಂಥ ಸಂತೋಷ ಆಗಿರಲಿಲ್ಲ.

“ಸಾಬವ್ವಾ, ನಾ ಮನೋಹರ,” ಎಂದ ಅವನು, ನೆಲ ನೋಡುತ್ತ. “ಅಂವಾ ಓಡಿ ಹೋಗಿರ್ಲಿಲ್ಲ. ಸ್ಲ್ಯಾಬಿನ ಕೆಳಗ ಸಿಕ್ಕಾಂವ ಲಾಲಪ್ಪನೇ.”

ಆ ಕಡೆಯಿಂದ ಸಾಬವ್ವ, “ನನಗ ಗೊತ್ತದ. ಹಲ್ಲ ನೋಡಿದ್ನಲ್ಲಾ,” ಅಂದಳು. ಫೋನು ಇಟ್ಟಳು.

ಶಿವಕಾಂತಾ ಹೆಸರು ತಿದ್ದಿ ಹೊಸ ಫಿಲ್ಮು ತೆಗೆದಳು. ಮನೋಹರ ಕೈ ಚಾಚಿದ. ಅವಳು ಅದನ್ನು ದಾಟಿ ಪ್ರೇಮಕುಮಾರನ ಕೈಯಲ್ಲಿ ಕವರು ಇಟ್ಟಳು.

“ಜ್ವಾಕಿ ಇರಲಿರಿ ಇದು. ನಾಳೆ ಹೆಚ್ಚುಕಮ್ಮಿ ಆದ್ರ, ನಿಮ್ಮವ್ವಗ ಯಾರೂ ಸುಳ್ಳಾಕಿ ಅನಬಾರದು.”