ಎಡಗಡೆಯ ಬಾಗಿಲು

ಮೌನ ಟೇಪಿನ ಒಂದು ತುದಿಯನ್ನು ತಾತನ ಬಲ ಮೊಣಕಾಲಿಗೆ ಒತ್ತಿ ಹಿಡಿದು, ಇನ್ನೊಂದನ್ನು ಎಡ ಮೊಣಕಾಲಿನ ತನಕ ಎಳೆದಳು.

“ಇಪ್ಪತ್ತಾರೂವರೆ ಇಂಚ್ ಪಾ.”

“ಸರಿಯಾಗಿ ನೋಡು. ಪಂಚೆ ನೆರಿಗೆ ಸೇರಿಸ್ಬೇಡ,” ಎಂದ ಅವಳ ಅಪ್ಪ ಸಿದ್ಧಲಿಂಗೇಶ್, ಕೈಯಲ್ಲಿ ಪೆನ್ನು ಹಿಡಿದು.

“ನೆರಿಗೆ ಇಲ್ಲಾಮೆ ದಾನ್ ಇಪ್ಪತ್ತಾರೂವರೆ,” ಎಂದಳು ಚೆನ್ನೈನಲ್ಲೇ ಬೆಳೆದ ಮೌನ, ತಮಿಳು ಬೆರೆಸಿ; ನೆರಿಗೆ ಇಲ್ಲದೆಯೇ ಅಷ್ಟಿದೆ ಎಂದು.

ಹಲಗೆಯ ಮೇಲೆ ಕಾಲು ಮಡಿಸಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಕೊಟ್ರಪ್ಪನವರು ಈ ಅಳತೆಗೆಲ್ಲ ಒಪ್ಪಿದವರಂತೆ ಕಣ್ಣು ಮುಚ್ಚಿದ್ದರು. ಬೆಳಗಿನ ಐದೂ ಹತ್ತಕ್ಕೆ ಉಸಿರು ನಿಂತಿತ್ತು. ಮೈ ಬಿಗಿಯುವ ಮೊದಲೇ ಕೂರಿಸಿಬಿಡಿ ಎಂದು ಕ್ರಿಯೆ ನಡೆಸುವ ಅಯ್ಯನವರು ಫೋನಿನಲ್ಲೇ ಹೇಳಿದ್ದರಿಂದ, ಏಳು ಗಂಟೆಯೊಳಗೆ ಸ್ನಾನ ಮಾಡಿಸಿ, ಹಣೆಗೆ, ಎದೆಗೆ, ಬೆನ್ನಿಗೆ, ತೋಳಿಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಕೂರಿಸಿದ್ದರು. ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಈಗ ಮಧ್ಯಾಹ್ನ ಎರಡೂವರೆ. ಸ್ನಾಯುಗಳೆಲ್ಲ ಆ ಭಂಗಿಯಲ್ಲೇ ಗಟ್ಟಿಯಾಗಿದ್ದವು.

ಬಾಗಿಲ ಮುಂದೆ ಶವದ ವ್ಯಾನು ನಿಂತಿತ್ತು. ಅದರೊಳಗೆ ಆರೂವರೆ ಅಡಿ ಉದ್ದದ, ಎರಡಡಿ ಎತ್ತರದ ಗಾಜಿನ ಪೆಟ್ಟಿಗೆ. ನೆಲಕ್ಕೆ ಬೆಸುಗೆ ಹಾಕಿ ಕೂರಿಸಿದ್ದು. ಬೆಳಿಗ್ಗೆ ಫೋನು ಮಾಡಿದಾಗ ಸಿದ್ಧಲಿಂಗೇಶ್ ವ್ಯಾನು ಎಷ್ಟು ಹೊತ್ತಿಗೆ ಬರುತ್ತದೆ, ದಾರಿ ಯಾವುದು, ಡ್ರೈವರಿನ ನಂಬರೇನು ಎಲ್ಲ ಕೇಳಿ ಬರೆದುಕೊಂಡಿದ್ದ. ಅಪ್ಪ ಕೂತುಕೊಂಡು ಹೋಗಬೇಕು ಎನ್ನುವ ಒಂದು ಮಾತು ಬಿಟ್ಟುಹೋಗಿತ್ತು.

“ಪಡುಕ್ಕ ವೈಂಗ ಸಾರ್,” ಎಂದ ಡ್ರೈವರು ಇನ್ನೊಮ್ಮೆ. “ಎಲ್ಲಾರುಂ ಪಡುತ್ತುಕ್ಕಿಟ್ಟು ದಾನ್ ಪೋವಾಂಗ.” ಮಲಗಿಸಿ, ಎಲ್ಲರೂ ಮಲಗಿಕೊಂಡೇ ಹೋಗುವುದು ಎಂದು ಅವನ ಅಂಬೋಣ.

“ನಾವು ಹೋಗಂಗಿಲ್ಲಪ,” ಎಂದರು ಬಸವಣ್ಣೆಮ್ಮ, ಗಂಡನ ಪಕ್ಕದ ಚಾಪೆಯಿಂದಲೇ. ಆಮೇಲೆ ಮಗನ ಕಡೆ ತಿರುಗಿದರು. “ಎಮ್ಮೆಸ್ಸಿ ಓದಿದಿ. ಹೆಣ ಕುಂದ್ರಸ್ತೀವಿ ಅಂತ ಹೇಳಾಕ ಬಾಯಿ ಬರಲಿಲ್ಲೇನು?”

“ಮರೆತೆ ಅವ್ವ.”

“ನಿಮ್ಮಪ್ಪನ ಮಗ ಅದಿ. ಬೋಲ್ಟು ನಟ್ಟು ನೆನಪಿರ್ತಾವು, ಮನುಷ್ಯಾರನ್ನ ಮರೀತೀರಿ.”

ಅಯ್ಯನವರು ಗಡಿಯಾರ ನೋಡಿದರು. ರುದ್ರಭೂಮಿ ರಾಯಪುರಂ ಕಡೆ; ಗುಂಡಿ ತೋಡಿ ಆಗಿತ್ತು. ಐದೂವರೆಗೆ ಅಲ್ಲಿನ ಕಾವಲಿನವನು ಗೇಟು ಹಾಕುತ್ತಾನೆ. “ನಾಳೆ ಇಟ್ಕೊಳ್ಳೋಣ ಅಂದ್ರೆ ಆಗಲ್ಲ ನೋಡ್ರಿ. ಈ ಸೆಕೆಗೆ ನಾಳೆ ಹೊತ್ತಿಗೆ ಮೈ ಸಡಿಲ ಆಗ್ತದ. ಆಮ್ಯಾಲೆ ಕೂರಂಗಿಲ್ಲ.”

ಸಾಮಾನು ಸಾಗಿಸುವ ಸಣ್ಣ ಲಾರಿಯವನಿಗೆ ಫೋನು ಮಾಡಿದರೆ, ಅಂಬತ್ತೂರಿನಲ್ಲಿ ಲೋಡು ಇಳಿಸುತ್ತಿದ್ದೇನೆ, ಆರಕ್ಕೆ ಬರುತ್ತೇನೆ ಎಂದ. ಸಿದ್ಧಲಿಂಗೇಶನ ಕಾರಿನ ಮುಂದಿನ ಸೀಟು ಹತ್ತೊಂಬತ್ತು ಇಂಚು. ಹಿಂದಿನ ಸೀಟು ಅಗಲವಿದ್ದರೂ ಬಾಗಿಲು ತಗ್ಗು, ತಲೆ ಬಾಗಿಸಬೇಕು. ಆ ತಲೆ ಇವತ್ತು ಬಾಗುವಂತಿರಲಿಲ್ಲ.

ಪೆನ್ನಿನ ತುದಿ ಕಚ್ಚುತ್ತ ಸಿದ್ಧಲಿಂಗೇಶ್ ಹಿತ್ತಲ ಕಡೆ ನೋಡಿದ. ಶೆಡ್ಡಿನ ತಗಡಿನ ಕೆಳಗೆ ಬಿಳಿಯ ಅಂಬಾಸಡರ್ ನಿಂತಿತ್ತು. ಮುಂದಿನ ಸೀಟು ಆ ಬದಿಯಿಂದ ಈ ಬದಿಗೆ ಒಂದೇ ಹಲಗೆಯಂತೆ ಇತ್ತು.

“ಬ್ಯಾಡ,” ಎಂದರು ಬಸವಣ್ಣೆಮ್ಮ, ಅವನು ಬಾಯಿ ತೆರೆಯುವ ಮೊದಲೇ.

*

ಚೆನ್ನೈನ ಪೆರಂಬೂರಿನ ಆ ಮನೆಯಲ್ಲಿ ಕಾಲವನ್ನು ಕಾರುಗಳಿಂದ ಅಳೆಯುತ್ತಿದ್ದರು. ಕೊಟ್ರಪ್ಪ ಕೊಟ್ಟೂರಿನಿಂದ ಬಂದು ರೈಲ್ವೆ ವರ್ಕ್‌ಶಾಪಿನಲ್ಲಿ ಡ್ರಾಫ್ಟ್ಸ್‌ಮನ್ ಆದವರು. ಸಿದ್ಧಲಿಂಗೇಶ್ ಹುಟ್ಟಿದ್ದು ಹೆರಾಲ್ಡ್ ಇದ್ದಾಗ. ಮನೆ ಕಟ್ಟಿದ್ದು ಫಿಯೆಟ್ ಇದ್ದಾಗ. ಅದರ ನಂತರ ಬಂದದ್ದೇ ಈ ಅಂಬಾಸಡರ್. ಮೂರೂ ಸೆಕೆಂಡ್ ಹ್ಯಾಂಡ್ ಗಾಡಿಗಳೇ. ಬಂದಾಗ ಚೆನ್ನಾಗಿಯೇ ಓಡುತ್ತಿದ್ದವು. ಭಾನುವಾರಗಳಲ್ಲಿ ಕೊಟ್ರಪ್ಪ ಅವನ್ನು ಸುಧಾರಿಸತೊಡಗಿದ ಮೇಲೆ ನಿಲ್ಲತೊಡಗುತ್ತಿದ್ದವು.

ತೊಂಬತ್ತಾರರಲ್ಲಿ ಬೂದು ಬಣ್ಣದ ಫಿಯೆಟ್ ಮಾರಿದ ದಿನ ಬಸವಣ್ಣೆಮ್ಮನಿಗೆ ನೂರಾ ಎರಡು ಡಿಗ್ರಿ ಜ್ವರ. ಕೊಂಡವನು ಕೀಲಿ ಹಿಡಿದು ಬಿಸಿಲಲ್ಲಿ ನಿಂತಿದ್ದ. ಕೊಟ್ರಪ್ಪ ಅವನಿಗೆ ನಲವತ್ತು ನಿಮಿಷ ಹೇಳಿದರು: ಬೆಳಿಗ್ಗೆ ಚೋಕು ಪೂರ್ತಿ ಎಳೆಯಬಾರದು, ಮುಕ್ಕಾಲು, ಎರಡನೇ ಗೇರು ಸ್ವಲ್ಪ ನಾಚಿಕೆಯದು, ಒತ್ತಾಯ ಮಾಡಬಾರದು, ಮಳೆಯಲ್ಲಿ ವೈಪರ್ ನಿಂತರೆ ಗಾಜಿಗೆ ಮೆಲ್ಲಗೆ ಒಂದು ಏಟು. ಗಾಡಿ ಬೀದಿ ತುದಿಯಲ್ಲಿ ಮರೆಯಾಗುವವರೆಗೆ ಅದರ ಹಿಂದೆ ನಡೆದುಹೋಗಿ, ವಾಪಸು ಬಂದು ಜಗಲಿಯ ಮೇಲೆ ಕೂತರು.

“ಮಗನ್ನ ಹಾಸ್ಟೆಲಿಗೆ ಬಿಟ್ಟು ಬರೋವಾಗ ಏನಂದ್ರಿ?” ಎಂದು ಒಳಗಿನಿಂದ ಬಸವಣ್ಣೆಮ್ಮ ಕೇಳಿದರು.

“ಏನಂದೆ?”

“‘ಹುಷಾರು’ ಅಂದ್ರಿ. ಒಂದ ಮಾತು.”

ಕೊಟ್ರಪ್ಪ ಯೋಚಿಸಿದರು. “ಅವನಿಗೆ ಚೋಕ್ ಇಲ್ಲಲ್ಲ,” ಎಂದರು.

*

“ಹಸಿರು ಹೆರಾಲ್ಡು ಅತ್ತಿಗೆ! ಎಂಥಾ ಗಾಡಿ!”

ವರ್ಕ್‌ಶಾಪಿನ ಹಳೆಯ ಗೆಳೆಯ ತಿರುಮಲೇಶ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. “ನಾನು ಹೆಣ್ಣು ನೋಡೋಕೆ ಹೋದದ್ದು ಅದರಲ್ಲೇ. ಚೆಂಗಲ್ಪಟ್ಟು ದಾಟ್ತಿದ್ದ ಹಾಗೆ ರೇಡಿಯೇಟರ್ ಪೈಪು ಬಿಟ್ಕೊಳ್ತು. ಹಿಂದಿನ ದಿನ ಇವನೇ ಬಿಚ್ಚಿ ಹಾಕಿದ್ದು. ನನ್ನ ಹೊಸ ಟೈ ಬಿಚ್ಚಿಸಿ ಪೈಪಿಗೆ ಕಟ್ಟಿದ.”

“ಅಪ್ಪುರಂ?” ಎಂದಳು ಮೌನ.

“ಆಮೇಲೇನು? ಟೈ ಇಲ್ದೆ ಹೋದದ್ದಕ್ಕೇ ಒಪ್ಪಿದ್ರು. ಹುಡುಗ ಸರಳ ಅಂತ.”

ಕೂತವರು ನಕ್ಕರು. ಬಸವಣ್ಣೆಮ್ಮ ನಗಲಿಲ್ಲ.

“ಬೆಳಗಿಂದ ಹದಿನಾಕು ಮಂದಿ ಬಂದ್ರಿ. ಹದಿನಾಕು ಮಂದೀನೂ ಕಾರಿನ ಸುದ್ದಿನ ಹೇಳಿದ್ರಿ. ಸತ್ತಿದ್ದು ಮನುಷ್ಯಾನೋ ಗಾಡಿಯೋ?”

ತಿರುಮಲೇಶ ಕರವಸ್ತ್ರ ಮಡಿಸಿದರು. “ಅವನ ಬಗ್ಗೇನೇ ಹೇಳ್ತಿದ್ದೆ ಅತ್ತಿಗೆ.”

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಅವ್ವ ಬೇಡವೆಂದರೂ ಸಿದ್ಧಲಿಂಗೇಶ್ ಫೋನು ಮಾಡಿ ಕರೆಸಿದ್ದ ಏಳುಮಲೈ ಬಂದಿದ್ದ. ಮೂವತ್ತು ವರ್ಷದಿಂದ ಕೊಟ್ರಪ್ಪನವರ ಗಾಡಿ ನೋಡುತ್ತಿದ್ದ ಮೆಕ್ಯಾನಿಕ್. ಅವರೊಡನೆ ಜಗಳವಾಡುತ್ತಲೇ ಒಂದು ಥರದ ಕನ್ನಡ ಕಲಿತವನು. ಒಳಗೆ ಬಂದು ಕೊಟ್ರಪ್ಪನವರ ಪಾದಕ್ಕೆ ಕೈ ಮುಟ್ಟಿಸಿ, ಒಂದು ನಿಮಿಷ ನಿಂತು, ಸೀದಾ ಶೆಡ್ಡಿಗೆ ಹೋದ.

ಐದು ತಿಂಗಳಿಂದ ಗಾಡಿ ತಿರುಗಿರಲಿಲ್ಲ. ಬ್ಯಾಟರಿ ಸತ್ತಿತ್ತು. ಟೈರಿಗೆ ಗಾಳಿ ತುಂಬಿಸಿದ್ದಾಯಿತು. ಅಂಬಾಸಡರನ್ನು ಬೀದಿಗೆ ತಳ್ಳಿ ತಂದು ವ್ಯಾನಿನ ಮೂತಿಗೆ ಮೂತಿ ಹಚ್ಚಿ ನಿಲ್ಲಿಸಿದರು. ತನ್ನ ಬ್ಯಾಟರಿಯಿಂದ ಕರೆಂಟು ಕೊಡಲು ವ್ಯಾನಿನವನು ಮೊದಲು ಒಪ್ಪಲಿಲ್ಲ. ಗಾಜಿನ ಪೆಟ್ಟಿಗೆ ಖಾಲಿ ಹೋಗುತ್ತಿದೆಯಲ್ಲ, ಇಷ್ಟಾದರೂ ಮಾಡು ಎಂದು ತಿರುಮಲೇಶ ತಮಿಳಿನಲ್ಲಿ ಗದರಿಸಿದ ಮೇಲೆ ಬಾನೆಟ್ ಎತ್ತಿದ.

“ಎಡಗಡೆ ಬಾಗಲಾ ನಿಲ್ಲಂಗಿಲ್ಲ,” ಎಂದರು ಬಸವಣ್ಣೆಮ್ಮ ಬಂದು. “ಯಾರರ ಹಿಡಕೊಂಡು ಕುಂದರಬೇಕು. ಇಲ್ಲಾಂದ್ರ ದಾರ್ಯಾಗ ಬೀಳ್ತಾರ ನಿಮ್ಮ ಸಾರು.”

“ಇರಿ ಅಮ್ಮಾ,” ಎಂದ ಏಳುಮಲೈ.

*

ಬಸವಣ್ಣೆಮ್ಮ ಮೊದಲೆಲ್ಲ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದರು. ಮುಂದೆ ಕೂತರೆ ಲಾರಿಗಳು ಮುಖಕ್ಕೇ ಬಂದಂತಾಗುತ್ತಿತ್ತು. “ಜನ ನನ್ನ ನಿನ್ನ ಡ್ರೈವರ್ ಅನ್ಕೊಂತಾರ,” ಎಂದು ಕೊಟ್ರಪ್ಪ ಗೊಣಗಿದರೂ ಕದಲುತ್ತಿರಲಿಲ್ಲ.

ತೊಂಬತ್ತೆಂಟರಲ್ಲಿ ಒಮ್ಮೆ ಊರಿನಿಂದ ಬರುವಾಗ ಹಿಂದಿನ ಸೀಟಿನ ತುಂಬ ಜೋಳದ ಚೀಲ, ಶೇಂಗಾ, ಉಪ್ಪಿನಕಾಯಿಯ ಭರಣಿ. ಬೇರೆ ದಾರಿಯಿಲ್ಲದೆ ಮುಂದೆ ಕೂತರು. ವೇಲೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ಎಡಗಡೆಯ ಬಾಗಿಲು ತಾನಾಗಿ ತೆರೆದುಕೊಂಡಿತು.

“ಹಿಡಕೋ! ಮ್ಯಾಲಿನ ಅಂಚು ಹಿಡಕೋ!”

ಚೆನ್ನೈವರೆಗೂ ಹಿಡಿದು ಕೂತರು. ದಾರಿಯುದ್ದಕ್ಕೂ ಕೊಟ್ರಪ್ಪ ಮಾತಾಡುತ್ತಲೇ ಇದ್ದರು: ಮುಂದಿನ ಲಾರಿಗೆ ಯಾವ ಬದಿ ಭಾರ ಜಾಸ್ತಿಯಾಗಿದೆ, ತಮ್ಮ ತಂದೆ ಎತ್ತು ಹೂಡುವಾಗ ಯಾವ ಹಾಡು ಗುನುಗುತ್ತಿದ್ದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅಷ್ಟು ಮಾತು ಬಸವಣ್ಣೆಮ್ಮ ಕೇಳಿರಲಿಲ್ಲ.

“ಬರೋ ಐತವಾರ ಸರಿ ಮಾಡ್ತೀನಿ,” ಎಂದರು ಮನೆಗೆ ಬಂದು. ಬರುವ ಭಾನುವಾರ ಕಾರ್ಬ್ಯುರೇಟರ್ ಬಿಚ್ಚಿದರು. ಅದರ ಮುಂದಿನ ಭಾನುವಾರ ಡೈನಮೊ. ಬಾಗಿಲಿನ ಸರದಿ ಬರಲೇ ಇಲ್ಲ. ಗಾಡಿ ಹೊರಟಾಗಲೆಲ್ಲ ಬಾಗಿಲು ಹಿಡಿಯಲು ಮುಂದೆಯೇ ಕೂತು ಬಸವಣ್ಣೆಮ್ಮನ ಎಡ ಭುಜ ನೋಯತೊಡಗಿತು. ನೋವಿಗೆ ಎಣ್ಣೆ ಹಚ್ಚಿಕೊಟ್ಟವರೂ ಕೊಟ್ರಪ್ಪನವರೇ.

*

ಏಳುಮಲೈ ಬಾಗಿಲಿನ ಒಳಗಿನ ಪಟ್ಟಿ ಬಿಚ್ಚಿ, ಜೇಬಿನಿಂದ ಒಂದು ಸಣ್ಣ ಸ್ಪ್ರಿಂಗ್ ತೆಗೆದು ಕೂರಿಸಿ, ಎರಡು ತಿರುಪು ಬಿಗಿದ. ಬಾಗಿಲು ಹಾಕಿದ. ಟಕ್ಕೆಂದು ಕೂತಿತು. ಎಳೆದ, ಬರಲಿಲ್ಲ.

“ಆಯ್ತು?” ಎಂದರು ಬಸವಣ್ಣೆಮ್ಮ.

“ಆಯ್ತು ಅಮ್ಮಾ.”

“ಎಷ್ಟೊತ್ತಾತಪ?”

“ಒಂಬತ್ತು ನಿಮಿಷ,” ಎಂದ ಸಿದ್ಧಲಿಂಗೇಶ್. ಅವನು ಗಡಿಯಾರ ನೋಡುತ್ತಲೇ ಇದ್ದ.

“ಇಪ್ಪತ್ತಾರು ವರ್ಷ ನಾ ಇದನ್ನ ಹಿಡಕೊಂಡು ಕುಂತೀನಿ! ಭುಜ ಬಿದ್ದು ಹೋಗೇತಿ! ನಿನಗ ಗೊತ್ತಿದ್ದಿಲ್ಲೇನು?”

ಏಳುಮಲೈ ಕೈ ಒರೆಸಿಕೊಂಡ. “ಗೊತ್ತು ಅಮ್ಮಾ. ಈ ಸ್ಪ್ರಿಂಗ್ ನನ್ನ ಅಂಗಡಿಯಲ್ಲಿ ತುಂಬಾ ವರ್ಷಾ ಇದೆ. ಸಾರ್ ಮುಟ್ಟೋಕೆ ಬಿಡಲಿಲ್ಲ.”

“ಯಾಕ?”

ಅವನು ಒಳಗೆ ಗೋಡೆಗೊರಗಿ ಕೂತವರ ಕಡೆ ಒಮ್ಮೆ ನೋಡಿದ. “ಸರಿ ಮಾಡಿದ್ರೆ ಅಮ್ಮಾ ಹಿಂದೆ ಹೋಗಿ ಕೂತ್ಕೋತಾರೆ, ಬೇಡಾ ಅಂದ್ರು.”

ಬಸವಣ್ಣೆಮ್ಮ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡರು.

“ಬಾಯಿ ಇದ್ದಿಲ್ಲೇನು ಈ ಮನುಷ್ಯಾಗ? ಮುಂದ ಕುಂದ್ರು ಅಂದಿದ್ರ ಕುಂದ್ರತಿದ್ದಿಲ್ಲೇನು ನಾನು?” ಎಂದು ಗಂಡನ ಕಡೆ ಕೈ ಚಾಚಿ ಕೇಳಿದರು. ಆಮೇಲೆ ಮಗನಿಗೆ, “ಏನ್ ನೋಡ್ತಿ? ಎತ್ರಿ. ಹೊತ್ತಾತು,” ಎಂದರು.

ನಾಲ್ಕು ಜನ ಹಲಗೆಸಮೇತ ಎತ್ತಿ ತಂದರು. ಬಾಗಿಲಲ್ಲಿ ಹಲಗೆ ಬಿಟ್ಟು, ಒಂದು ಮೊಣಕಾಲು ಮುಂದು ಮಾಡಿ ಓರೆಯಾಗಿ ಒಳಗೆ ಸೇರಿಸಿದರು. ತಲೆ ಮತ್ತು ಮಾಡಿನ ನಡುವೆ ನಾಲ್ಕು ಬೆರಳು ಜಾಗ ಉಳಿಯಿತು. ಸೊಂಟಕ್ಕೆ ಬಿಳಿ ಬಟ್ಟೆ ಸುತ್ತಿ ಸೀಟಿಗೆ ಕಟ್ಟಿದರು. ಕೊರಳಲ್ಲಿ ಮಲ್ಲಿಗೆ ಹಾರ, ಅಂಗೈಯಲ್ಲಿ ಲಿಂಗ. ಎಂದೂ ತಾವು ಕೂರದ ಎಡಗಡೆಯಲ್ಲಿ ಕೊಟ್ರಪ್ಪ ರಸ್ತೆಯ ಕಡೆ ಮುಖ ಮಾಡಿ ಕೂತರು. ಬಸವಣ್ಣೆಮ್ಮ, ಮೌನ, ಅಯ್ಯನವರು ಹಿಂದೆ.

ಸಿದ್ಧಲಿಂಗೇಶ್ ಕೀಲಿ ತಿರುಗಿಸಿದ. ಗಾಡಿ ಎರಡು ಸಲ ಕೆಮ್ಮಿ ನಿಂತಿತು.

“ಚೋಕ್ ಪೂರ್ತಿ ಎಳೀಬ್ಯಾಡ,” ಎಂದರು ಹಿಂದಿನಿಂದ ಬಸವಣ್ಣೆಮ್ಮ. “ಮುಕ್ಕಾಲು.”

ಮೂರನೇ ಸಲಕ್ಕೆ ಹೊತ್ತಿಕೊಂಡಿತು.

ಅಂಬಾಸಡರ್ ಮುಂದೆ, ಖಾಲಿ ಗಾಜಿನ ಪೆಟ್ಟಿಗೆಯ ಸುತ್ತ ನೆಂಟರನ್ನು ಕೂರಿಸಿಕೊಂಡ ವ್ಯಾನು ಹಿಂದೆ. ಸೇತುವೆಯ ಮೇಲೆ ಸಿದ್ಧಲಿಂಗೇಶ್ ಗೇರು ತಪ್ಪಿಸಿ ಗಾಡಿ ನಿಲ್ಲಿಸಿಬಿಟ್ಟ. ಎಡಗಡೆಯಿಂದ ನುಗ್ಗಿದ ಆಟೋದವನು ಕಿಟಕಿಗೆ ಬಗ್ಗಿ, “ಯೋವ್ ಪೆರುಸು! ವಂಡಿಯ ಎಡುಕ್ಕ ಸೊಲ್ಲು ಯಾ!” ಎಂದು ಕೂಗಿದ; ಏ ಮುದುಕಾ, ಗಾಡಿ ತೆಗೆಯಲು ಹೇಳು ಎಂದು. ಪೆರುಸು ಉತ್ತರ ಕೊಡಲಿಲ್ಲ. ಆಟೋದವನು ಇನ್ನೊಮ್ಮೆ ನೋಡಿ, ಹ್ಯಾಂಡಲ್ ಬಿಟ್ಟು ಎರಡೂ ಕೈ ಜೋಡಿಸಿದ. ಆಮೇಲೆ ತಾನೇ ಇಳಿದು ಹಿಂದಿನಿಂದ ತಳ್ಳಿದ.

ಐದೂ ಹತ್ತಕ್ಕೆ ಗೇಟು ದಾಟಿದರು.

ಗುಂಡಿಯೊಳಗೆ ಕೊಟ್ರಪ್ಪ ಸರಿಯಾಗಿ ಕೂತರು. ಬಿಲ್ವಪತ್ರೆ, ವಿಭೂತಿ, ಆಮೇಲೆ ಉಪ್ಪು, ಆಮೇಲೆ ಮಣ್ಣು. ಗೇಟಿನವನು ಕೀಲಿಗೊಂಚಲು ಹಿಡಿದು ದೂರ ನಿಂತಿದ್ದ. ಮಣ್ಣು ಹಾಕುವಾಗ ಬಸವಣ್ಣೆಮ್ಮ ಎಡಗೈ ಎತ್ತಲಾಗದೆ ಬಲಗೈಯಿಂದಲೇ ಮೂರು ಹಿಡಿ ಹಾಕಿದರು.

ಹೊರಟಾಗ ಮೌನ ಹಿಂದಿನ ಬಾಗಿಲು ತೆರೆದು ನಿಂತಳು. “ಅಜ್ಜಿ, ವಾಂಗ. ಇಲ್ಲಿ.”

ಬಸವಣ್ಣೆಮ್ಮ ಅವಳನ್ನು ದಾಟಿ ಮುಂದೆ ಹೋದರು. ಸೀಟಿನ ಒರಗಿನ ಮೇಲೆ ಬೆನ್ನಿನ ಅಗಲಕ್ಕೆ ವಿಭೂತಿ ಮೆತ್ತಿತ್ತು. ಸಿದ್ಧಲಿಂಗೇಶ್ ಕರವಸ್ತ್ರ ತೆಗೆದ. “ಇರಲಿ ಬಿಡು,” ಎಂದು ಅವರು ಅದನ್ನು ಎಡ ಅಂಗೈಯಿಂದ ಸವರಿ, ಹಾಗೆಯೇ ಕೂತು ಬಾಗಿಲು ಎಳೆದುಕೊಂಡರು. ಟಕ್ಕೆಂದು ಕೂತಿತು.

ಗಾಡಿ ಹೊರಟಿತು. ಸ್ವಲ್ಪ ದೂರದಲ್ಲಿ ಬಂದರಿನ ಲಾರಿಗಳು ಎದುರಾಗತೊಡಗಿದವು. ಬಸವಣ್ಣೆಮ್ಮನ ಎಡಗೈ ಮೆಲ್ಲಗೆ ಮೇಲೆದ್ದು, ಇಳಿಸಿದ ಗಾಜಿನ ಮೇಲಿಂದ ಹೊರಬಿದ್ದು, ಬಾಗಿಲಿನ ಅಂಚನ್ನು ಹಿಡಿದುಕೊಂಡಿತು.

“ಅಜ್ಜಿ, ಅದು ರಿಪೇರ್ ಆಯಿಡುಚ್ಚು. ಕೈ ತೆಗೀರಿ, ನೋವಾಗುತ್ತೆ,” ಎಂದಳು ಮೌನ ಹಿಂದಿನಿಂದ.

“ನೀ ಸುಮ್ನಿರು,” ಎಂದರು ಬಸವಣ್ಣೆಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ. “ಬಲಕ್ಕ ತಿರುಗುವಾಗ ಜಗ್ಗತೈತಿ.”

ಸೇತುವೆಯ ಬುಡದಲ್ಲಿ ಸಿದ್ಧಲಿಂಗೇಶ್ ಗಾಡಿಯನ್ನು ಬಲಕ್ಕೆ ತಿರುಗಿಸಿದ. ವಿಭೂತಿ ಹತ್ತಿದ ಆ ಐದು ಬೆರಳು ಬಾಗಿಲನ್ನು ಒಳಕ್ಕೆಳೆದು ಬಿಗಿಯಾಗಿ ಹಿಡಿದವು.