ತೆಗೆದ ಚೀಲಕ್ಕೆ ಕಾಗದ ಎಲ್ಲಿ?

ಸಿದ್ದವ್ವನಿಗೆ ಮೂವತ್ತೆರಡು. ನಳದ ಹತ್ತಿರ ಕೊಡವನ್ನು ಸೊಂಟಕ್ಕೇರಿಸಲು ಎರಡು ಸಲ ಕೂತೇಳಬೇಕು. ಕಾರ್ತೀಕದ ಚಳಿಯಲ್ಲೂ ಮೈಯೆಲ್ಲ ಬೆವರು. ನಾಲ್ಕು ವರ್ಷದ ಹಿಂದೆ ಅವಳ ಗರ್ಭಚೀಲ ತೆಗೆದರು. ಕೈ ಹಿಡಿದು ಆ ನರ್ಸಿಂಗ್ ಹೋಮಿಗೆ ಕರೆದೊಯ್ದವಳು ನಾನೇ, ಯಂಕಂಚಿಯ ಆಶಾ ಕಾರ್ಯಕರ್ತೆ ವಿದ್ಯಾವತಿ. ಬಿಳಿಸೆರಗು ಹೋಗುತ್ತದೆ ಅಂದಿದ್ದಳು ಸಿದ್ದವ್ವ. ಡಾಕ್ಟರು ಸ್ಕ್ಯಾನ್ ಮಾಡಿ ಕ್ಯಾನ್ಸರ್ ಅಂದರು. ನಾನು ನಂಬಿದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ!

ನಮ್ಮೂರಲ್ಲಿ ಇದು ಸುದ್ದಿಯೇ ಅಲ್ಲ. ಗಂಡ ಹೆಂಡತಿಯರನ್ನು ಜೋಡಿಯಾಗಿ ಕಬ್ಬು ಕಡಿಯಲು ಒಯ್ಯುವ ಮುಕಾದಮ ಗುರಲಿಂಗಪ್ಪ ಬಾಯಿಬಿಟ್ಟೇ ಹೇಳುತ್ತಾನೆ. "ತಿಂಗಳಿಗಿ ನಾಕ ದಿನ ಹೊಟ್ಟಿ ಹಿಡ್ಕೊಂಡು ಕುಂದ್ರೋರು ನನಗ ಬ್ಯಾಡ್ರೆಪಾ. ಚೀಲ ತಗಸಿದವ್ರು ಬರ್ರಿ."

ಈ ಸಲ ಸಿದ್ದವ್ವನ ತಂಗಿ ಸುನೀತಾಳ ಪಾಳಿ. ಇಪ್ಪತ್ನಾಲ್ಕು ವರ್ಷ, ಒಂದೇ ಕೂಸು. ಅದೇ ಡಾಕ್ಟರು, ಅದೇ ಕ್ಯಾನ್ಸರಿನ ಮಾತು. ಆಪರೇಷನ್ ಸೋಮವಾರ.

ಎರಡು ತಿಂಗಳಿಂದ ನನ್ನ ಜೊತೆ ಮನೆಮನೆ ತಿರುಗುತ್ತಿದ್ದವರು ಮೃಣಾಲಿನಿ ಬಾಯಿ, ನಮಗೆಲ್ಲ ‘ಬಾಯಾರು’. ಬಾಗೇವಾಡಿಯ ಮಾಸ್ತರರ ಮಗಳು, ಈಗ ದೊಡ್ಡ ಸಂಸ್ಥೆಯಲ್ಲಿ ಹೆಂಗಸರ ರೋಗಗಳ ಸಂಶೋಧನೆ ಮಾಡುವ ವಿಜ್ಞಾನಿ. ಚೀಲ ತೆಗೆಸಿಕೊಂಡ ಅರವತ್ತೊಂದು ಹೆಂಗಸರು ಸಿಕ್ಕರು. ಎಲ್ಲರಿಗೂ ಬಾಯಾರದು ಒಂದೇ ಪ್ರಶ್ನೆ.

"ತೆಗೆದ ಚೀಲಾನ ಲ್ಯಾಬಿಗೆ ಕಳಿಸಿ ಪರೀಕ್ಷಾ ಮಾಡಿಸಿರಬೇಕಲ್ಲ? ಅದರ ಕಾಗದ ಎಲ್ಲಿ?"

"ಎಲ್ಲೀ ಕಾಗದ್ರಿ ಬಾಯಾರ!" ಸಿದ್ದವ್ವ ನಕ್ಕಳು. "ಸ್ಟೀಲ್ ತಾಟಿನ್ಯಾಗ ಇಟ್ಟು ನಮ್ಮ ಮನ್ಯಾಗಿನವ್ರಿಗಿ ತೋರ್ಸಿದ್ರು. ನೋಡ, ಹೆಂಗ ಕೊಳತೈತಿ ಅಂದ್ರಂತ. ಅವ್ರು ಮಾರಿ ತಿರುವಿದ್ರು."

"ಕ್ಯಾನ್ಸರ್ ಹಂಗ ಕಣ್ಣಿಲೆ ನೋಡಿ ಹೇಳೋದಲ್ಲ ಸಿದ್ದವ್ವಾ. ಪರೀಕ್ಷಾ ಆಗಬೇಕು. ಸುನೀತಾಗೂ ಮೊದ್ಲು ಪರೀಕ್ಷಾ ಆಗ್ಲಿ."

ಅರವತ್ತೊಂದರಲ್ಲಿ ಒಬ್ಬಳ ಬಳಿಯೂ ಕಾಗದ ಇರಲಿಲ್ಲ. ಆದರೆ ಸುನೀತಾಳ ಅತ್ತೆ ಕೇಳಬೇಕಲ್ಲ! "ಡಾಕ್ಟರ್ ಶಾಣ್ಯಾನೋ ನೀವು ಶಾಣ್ಯಾರೋ? ನಿಮ್ಮ ಮಾತ ಕೇಳಿ ಹುಡುಗಿ ಸತ್ತರ?" ಅಂದಳು. ಉಳಿದದ್ದು ಒಂದೇ ದಾರಿ. ಶನಿವಾರ ಸಿಂದಗಿಯಲ್ಲಿ ಆರೋಗ್ಯ ಇಲಾಖೆಯ ಸಭೆಯೆದುರು ಬಾಯಾರು ವರದಿ ಓದುವವರಿದ್ದರು. ಅಧಿಕಾರಿಗಳೇ ಆಪರೇಷನ್ ತಡೆಯಬೇಕು.

ಶುಕ್ರವಾರ ನಮ್ಮ ಕಟ್ಟೆಯ ಮೇಲೆ ಕೂತಿದ್ದಾಗ ಬಾಯಾರಿಗೆ ಸಂಸ್ಥೆಯಿಂದ ಫೋನು ಬಂತು. ಸಂಶೋಧನೆಗೆ ಅನುದಾನ ಕೊಡುತ್ತಿದ್ದುದು ಯಾವುದೋ ಸಕ್ಕರೆ ಕಾರ್ಖಾನೆಯ ಟ್ರಸ್ಟು. ಆಪರೇಷನ್ನಿನ ಮಾತು ಬೇಡವಂತೆ. ಹೆಂಗಸರು ಸ್ವಚ್ಛ ಇರುವುದಿಲ್ಲ, ಅದಕ್ಕೇ ರೋಗ ಅಂತ ಓದಬೇಕಂತೆ. ಇಲ್ಲದಿದ್ದರೆ ಅನುದಾನ ಬಂದ್.

"ಏನ್ ಮಾಡ್ತೀರಿ ಬಾಯಾರ?"

"ಹೆಂಗಸರ ಹೊಟ್ಟಿ ಮ್ಯಾಲಿನ ಸಂಶೋಧನಾಕ್ಕ ಮತ್ತ್ಯಾರು ರೊಕ್ಕ ಕೊಡ್ತಾರ ವಿದ್ಯಾ? ಇದಕ್ಕ ಆರು ವರ್ಷ ಅರ್ಜಿ ಹಾಕೇನಿ. ಆದ್ರ ಅವರು ಹೇಳಿದ್ದು ಓದಿದ್ರ, ಆ ತಾಟು ಹಿಡಿದಾಕಿ ನಾನೂ ಆಗ್ತೀನಿ."

ಶನಿವಾರ ಸಿದ್ದವ್ವ ತಂಗಿಯನ್ನೂ ಕರೆತಂದಿದ್ದಳು. ಬಾಯಾರು ಎದ್ದು ನಿಂತು ನಿಜವನ್ನೇ ಓದಿದರು. "ಅರವತ್ತೊಂದು ಆಪರೇಷನ್, ಪರೀಕ್ಷೆಯ ಕಾಗದ ಒಂದೂ ಇಲ್ಲ" ಅನ್ನುವಷ್ಟರಲ್ಲಿ ಮೈಕು ಬಂದ್ ಆಯಿತು. ಅವರು ಗಂಟಲೆತ್ತಿದರು. "ಸೋಮವಾರ ಇನ್ನೊಂದದ. ನಿಲ್ಲಸ್ರಿ!"

ವೇದಿಕೆಯ ಅಧಿಕಾರಿ ಕನ್ನಡಕ ಒರೆಸಿಕೊಂಡರು. "ಕಾಗದ ಇಲ್ಲ ಅಂತ ನೀವ ಹೇಳ್ತೀರಿ. ಕಾಗದ ಇಲ್ಲಂದ್ರ ಆಪರೇಷನ್ ಆಗೇತಿ ಅನ್ನಾಕ ಪುರಾವೆ ಏನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಸಿದ್ದವ್ವ ಎದ್ದಿದ್ದಳು.

"ಆಪರೇಷನ್ನ ಆಗಿಲ್ಲೇನ್ರಿ ಸಾಹೇಬ್ರ? ಹಂಗಾರ ನನ್ನ ಚೀಲ ನನ್ನ ಹೊಟ್ಟ್ಯಾಗ ಇರಬೇಕು. ನಾಕ ವರ್ಷ ಆತು, ನಾ ಮುಟ್ಟಾಗಿಲ್ಲ. ಎಲ್ಲಿ ಇಟ್ಟೀರಿ, ಹುಡುಕಿ ಕೊಡ್ರಿ!"

ಚಹಾ ಬಂತು. ಸಭೆ ಮುಗಿಯಿತು.

ಭಾನುವಾರ ಸಂಸ್ಥೆಯ ಜೀಪು ಬಂದು ಅರವತ್ತೊಂದು ಫಾರ್ಮುಗಳನ್ನೂ ಬಾಯಾರನ್ನೂ ಒಯ್ದಿತು. ನನಗೆ ಇಲಾಖೆಯ ನೋಟೀಸು ಬಂತು. ಅನುಮತಿಯಿಲ್ಲದೆ ಸಭೆಗೆ ಹೆಂಗಸರನ್ನು ಕರೆತಂದೆನಂತೆ.

ಸೋಮವಾರ ನಾನು ನರ್ಸಿಂಗ್ ಹೋಮ್ ಮುಟ್ಟುವಷ್ಟರಲ್ಲಿ ಸುನೀತಾಳಿಗೆ ಹಸಿರು ಗೌನು ತೊಡಿಸಿದ್ದರು. ಬೆಂಚಿನ ಮೇಲೆ ಖಾಲಿ ಹೊಟ್ಟೆಯಲ್ಲಿ ಇನ್ನೂ ಆರು ಹೆಂಗಸರು. ಸುನೀತಾ ಬಾಗಿಲಲ್ಲಿ ಡಾಕ್ಟರಿಗೆ ಅಡ್ಡ ನಿಂತಿದ್ದಳು.

"ಕ್ಯಾನ್ಸರ್ ಐತಿ ಅಂತ ಮೊದ್ಲ ಕಾಗದ ತೋರಸ್ರಿ ಸಾಹೇಬ್ರ. ಆಮ್ಯಾಲ ಹೊಟ್ಟಿ ಮುಟ್ರಿ."

"ಕಾಗದ ಗೀಗದ ಕೇಳೋರು ಬೆಂಗಳೂರಿಗಿ ಹೋಗ್ರಿ!" ಡಾಕ್ಟರು ಒಳಗೆ ಹೋದರು.

ಗಂಡ ಖಂಡೆಪ್ಪ ತಲೆ ಮೇಲೆ ಕೈಹೊತ್ತ. "ಮುಂದಿನ ತಿಂಗಳ ಕಬ್ಬಿನ ಗಾಡಿ ಹೊಂಡತೈತಿ. ಗುರಲಿಂಗಪ್ಪ ಇಬ್ಬರ ಹೆಸರೂ ಹೊಡದ ಹಾಕ್ತಾನ. ಏನ್ ತಿನ್ನೂಣ, ಹೇಳ?"

ಸುನೀತಾ ಅಳುತ್ತಲೇ ಗೌನು ಬಿಚ್ಚಿ ಸೀರೆ ಉಟ್ಟು ಬಂದಳು.

ಬೆಂಚಿನ ತುದಿಯಲ್ಲಿ ಹೂವಿನ ಹಿಪ್ಪರಗಿಯ ಹೆಂಗಸೊಬ್ಬಳು ಕೂತಿದ್ದಳು. ಕೈಗೆ ಆಗಲೇ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದರು. ಅವಳು ಸುನೀತಾಳ ಸೆರಗು ಜಗ್ಗಿದಳು.

"ತಂಗೀ, ಯಾವ ಕಾಗದವಾ ಅದು?"

ಸುನೀತಾ ಮೂಗೊರೆಸಿಕೊಂಡು ಅವಳ ಪಕ್ಕದಲ್ಲೇ ಕೂತು ಹೇಳತೊಡಗಿದಳು. ಉಳಿದ ಐವರೂ ಹತ್ತಿರ ಸರಿದರು. ಒಳಗಿನಿಂದ ನರ್ಸು ಮುಂದಿನ ಹೆಸರು ಕೂಗಿದಳು. ಅದು ಹಿಪ್ಪರಗಿಯವಳ ಹೆಸರು. ಅವಳು ಏಳಲಿಲ್ಲ.